ವಿಭಜಕದ ಹಸಿರು: ಗಿಡ ನೆಡಲು ಗುತ್ತಿಗೆ, ನೀರೆರೆಯಲು ಯಾರು?

ಬೆಂಗಳೂರಿನ ಮುಖ್ಯರಸ್ತೆಯೊಂದರ ವಿಭಜಕವನ್ನು ಎರಡು ಬಾರಿ ನೋಡಬೇಕು. ಒಮ್ಮೆ, ಸೌಂದರ್ಯೀಕರಣ ಕಾಮಗಾರಿ ಮುಗಿದ ವಾರದಲ್ಲಿ. ಇನ್ನೊಮ್ಮೆ, ಅದಾದ ನಂತರದ ಎರಡನೆಯ ಬೇಸಿಗೆಯಲ್ಲಿ. ಮೊದಲ ಬಾರಿ ಕಣ್ಣಿಗೆ ಬೀಳುವುದು ಹುಲ್ಲುಹಾಸು, ಹೂಗಿಡಗಳ ಸಾಲು, ಹೊಸದಾಗಿ ಬಣ್ಣ ಬಳಿದ ಅಂಚುಗಲ್ಲು. ಎರಡನೆಯ ಬಾರಿ ಹಲವೆಡೆ ಉಳಿದಿರುವುದು ಒಣಗಿದ ಕಡ್ಡಿ, ಬಿರುಕು ಬಿಟ್ಟ ಮಣ್ಣು ಮತ್ತು ಯಾರೋ ಸುರಿದು ಹೋದ ಕಟ್ಟಡದ ಅವಶೇಷ. ಕೆಲ ದಿನಗಳಲ್ಲೇ ಅದೇ ಜಾಗಕ್ಕೆ ಮತ್ತೊಂದು ಅಂದಾಜು ಪಟ್ಟಿ ಸಿದ್ಧವಾಗುತ್ತದೆ.

ಈ ಆವರ್ತನವನ್ನು ಭ್ರಷ್ಟಾಚಾರ ಎಂಬ ಒಂದೇ ಪದದಲ್ಲಿ ವಿವರಿಸಿಬಿಡುವುದು ಸುಲಭ. ಆದರೆ ಎಲ್ಲ ನಿಯಮಗಳನ್ನೂ ಚಾಚೂ ತಪ್ಪದೆ ಪಾಲಿಸಿ ನೀಡಿದ ಗುತ್ತಿಗೆಯೂ ಇದೇ ಗತಿ ಕಾಣಬಹುದು ಎಂಬುದೇ ಇಲ್ಲಿನ ಮುಖ್ಯ ಸಂಗತಿ. ದೋಷವಿರುವುದು ಗುತ್ತಿಗೆ ಯಾರಿಗೆ ದಕ್ಕಿತು ಎಂಬುದರಲ್ಲಿ ಮಾತ್ರವಲ್ಲ, ಗುತ್ತಿಗೆಯ ಮೂಲಕ ನಗರ ಏನನ್ನು ಕೊಳ್ಳುತ್ತಿದೆ ಎಂಬುದರಲ್ಲಿ.

ಕಾಯ್ದೆ ಹೇಳುವುದೇನು?

ರಾಜ್ಯದಲ್ಲಿ ಸರ್ಕಾರಿ ಕಾಮಗಾರಿ ಮತ್ತು ಖರೀದಿಗಳಿಗೆ ಅನ್ವಯವಾಗುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಟೆಂಡರ್ ಕರೆಯದೆ ಗುತ್ತಿಗೆ ನೀಡಬಾರದು, ಮೊದಲೇ ಪ್ರಕಟಿಸಿದ ಮಾನದಂಡಗಳ ಪ್ರಕಾರ ಅರ್ಹರಾದವರಲ್ಲಿ ಅತಿ ಕಡಿಮೆ ದರ ನಮೂದಿಸಿದವರನ್ನು ಆಯ್ಕೆ ಮಾಡಬೇಕು, ನಿರ್ಧಾರದಿಂದ ನೊಂದವರಿಗೆ ಮೇಲ್ಮನವಿಗೆ ಅವಕಾಶವಿರಬೇಕು ಎಂಬುದು ಅದರ ತಿರುಳು. ಟೆಂಡರ್ ಸಲ್ಲಿಸಲು ಇರುವ ಕನಿಷ್ಠ ಕಾಲಾವಧಿಯನ್ನು ಕಡಿತಗೊಳಿಸಬೇಕಾದರೆ ಮೇಲಧಿಕಾರಿಯ ಅನುಮತಿ ಬೇಕು, ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆಯೂ ಒಳದಾರಿಗಳಿವೆ. ನಿಗದಿತ ಮೊತ್ತಕ್ಕಿಂತ ಕಡಿಮೆಯ ಕೆಲಸಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇರುವುದರಿಂದ ಒಂದೇ ರಸ್ತೆಯ ಕೆಲಸವನ್ನು ತುಂಡು ಗುತ್ತಿಗೆಗಳಾಗಿ ಒಡೆಯುವ ಆಮಿಷ ಸದಾ ಇರುತ್ತದೆ. ಗಣ್ಯರ ಭೇಟಿ ಅಥವಾ ಜಾಗತಿಕ ಸಮಾವೇಶ ಹತ್ತಿರ ಬಂದಾಗ ಅಲ್ಪಾವಧಿ ಟೆಂಡರ್‌ಗೆ ತುರ್ತು ಎಂಬ ಕಾರಣ ಸಿದ್ಧವಾಗಿ ಸಿಗುತ್ತದೆ. ಇನ್ನು ಕಾಯ್ದೆಯ 4(ಜಿ) ಕಲಂ ಅನ್ವಯ ಸರ್ಕಾರ ನಿರ್ದಿಷ್ಟ ಕಾಮಗಾರಿಗೆ ಟೆಂಡರ್‌ನಿಂದಲೇ ವಿನಾಯಿತಿ ನೀಡಬಹುದು. ಅಪರೂಪದ ಸಂದರ್ಭಗಳಿಗೆಂದು ಇರುವ ಈ ಅವಕಾಶದ ಬಳಕೆ ಎಲ್ಲ ಪಕ್ಷಗಳ ಆಡಳಿತದಲ್ಲೂ ಟೀಕೆಗೆ ಗುರಿಯಾಗಿದೆ.

ಸಮಾವೇಶಕ್ಕೆ ತುರ್ತಾಗಿ ಸಿಂಗಾರಗೊಳ್ಳುವ ರಸ್ತೆಗೆ ಇನ್ನೊಂದು ತೊಡಕೂ ಉಂಟು. 2025ರ ಫೆಬ್ರವರಿಯಲ್ಲಿ ಏರೋ ಇಂಡಿಯಾ ಮತ್ತು ಇನ್ವೆಸ್ಟ್ ಕರ್ನಾಟಕ ಒಂದೇ ವಾರದಲ್ಲಿ ನಡೆದವು. ಫೆಬ್ರವರಿಯ ಅತಿಥಿಗಳಿಗಾಗಿ ನೆಟ್ಟ ಗಿಡ ಬೇರು ಬಿಡುವ ಮೊದಲೇ ಮಾರ್ಚ್-ಏಪ್ರಿಲ್‌ನ ಬಿಸಿಲನ್ನು ಎದುರಿಸಬೇಕು. ಗಿಡ ನೆಡಲು ಸೂಕ್ತವಾದ ಮುಂಗಾರಿನ ಆರಂಭಕ್ಕೂ ಸಮಾರಂಭಗಳ ಪಂಚಾಂಗಕ್ಕೂ ತಾಳೆಯಾಗುವುದಿಲ್ಲ.

ಅಂದಾಜು ಪಟ್ಟಿಯ ಲೆಕ್ಕ

ವಿಭಜಕದ ಉದ್ಯಾನ ನೋಡಲು ತೋಟ, ಕಡತದಲ್ಲಿ ಮಾತ್ರ ಅದು ಸಿವಿಲ್ ಕಾಮಗಾರಿ. ಅಂಚುಗಲ್ಲು, ಕಬ್ಬಿಣದ ಬೇಲಿ, ಕೆಂಪು ಮಣ್ಣು, ಗೊಬ್ಬರ, ಗಿಡಗಳ ಸಂಖ್ಯೆ, ಹುಲ್ಲುಹಾಸಿನ ಚದರ ಮೀಟರ್ ಎಲ್ಲಕ್ಕೂ ದರವಿರುತ್ತದೆ. ಎಂಜಿನಿಯರ್ ಅಳತೆ ಪುಸ್ತಕದಲ್ಲಿ ದಾಖಲಿಸಿದರೆ ಬಿಲ್ ತಯಾರಾಗುತ್ತದೆ. ಕಲ್ಲು, ಕಬ್ಬಿಣಗಳಿಗೆ ಈ ಪದ್ಧತಿ ಸರಿ. ಇಂದು ಅಳೆದ ಕಲ್ಲು ವರ್ಷ ಕಳೆದರೂ ಅಷ್ಟೇ ಇರುತ್ತದೆ, ಗಿಡ ಹಾಗಲ್ಲ.

ಹೀಗಾಗಿ ಗುತ್ತಿಗೆದಾರನ ಲಾಭವೆಲ್ಲ ಕಾಮಗಾರಿಯ ಮೊದಲ ತಿಂಗಳುಗಳಲ್ಲಿ ಕೂಡಿಕೊಂಡಿರುತ್ತದೆ. ನಿರ್ವಹಣೆಯ ಅವಧಿಯಲ್ಲಿ ಉಳಿಯುವುದು ಟ್ಯಾಂಕರ್ ಬಾಡಿಗೆ, ಮಾಲಿಗಳ ಕೂಲಿ, ಕಳೆ ಕೀಳುವ ಕೆಲಸ. ಅತಿ ಕಡಿಮೆ ದರಕ್ಕೆ ಕೆಲಸ ಹಿಡಿದವನು ಖರ್ಚು ಉಳಿಸಲು ಹೊರಟರೆ ಮೊದಲು ಕೈ ಹಾಕುವುದು ಇಲ್ಲಿಗೇ. ಪಾಲಿಕೆ ಸಕಾಲಕ್ಕೆ ಹಣ ಪಾವತಿಸದಿದ್ದರಂತೂ ಗುತ್ತಿಗೆದಾರನನ್ನು ಪೂರ್ಣವಾಗಿ ದೂಷಿಸುವಂತೆಯೂ ಇಲ್ಲ. ಬಾಕಿ ಬಿಲ್‌ಗಳ ವಿಷಯದಲ್ಲಿ ಬಿಬಿಎಂಪಿ ಗುತ್ತಿಗೆದಾರರು 2023ರಲ್ಲಿ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡಿದ್ದರು. ಬಿಲ್ ಯಾವಾಗ ಬರುವುದೆಂದು ತಿಳಿಯದ ಗುತ್ತಿಗೆದಾರ ಒಂದೋ ದರ ಏರಿಸುತ್ತಾನೆ, ಇಲ್ಲವೇ ನೀರು ನಿಲ್ಲಿಸುತ್ತಾನೆ.

ನೀರಿನ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು 2024ರ ಬೇಸಿಗೆ ತೋರಿಸಿಕೊಟ್ಟಿತು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ನಿರ್ಮಾಣಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತು. ಮನೆಯಂಗಳದ ಗಿಡಕ್ಕೇ ನೀರಿಲ್ಲದ ಊರಿನಲ್ಲಿ ರಸ್ತೆ ನಡುವಿನ ಹುಲ್ಲುಹಾಸನ್ನು ಯಾವ ನೀರಿನಿಂದ ಉಳಿಸಬೇಕು? ಸಂಸ್ಕರಿಸಿದ ನೀರೇ ಉತ್ತರ. ಆದರೆ ಅದನ್ನು ಯಾವ ಘಟಕದಿಂದ, ಯಾರ ಖರ್ಚಿನಲ್ಲಿ, ವಾರಕ್ಕೆ ಎಷ್ಟು ಬಾರಿ ತರಬೇಕು ಎಂಬುದು ಟೆಂಡರ್ ಷರತ್ತಿನಲ್ಲೇ ಇರಬೇಕು. ಬಾಯಿಮಾತಿನ ಸೂಚನೆಯಿಂದ ಟ್ಯಾಂಕರ್ ಓಡುವುದಿಲ್ಲ.

ಗಿಡದ ಆಯ್ಕೆಯೂ ಹಣದ ಪ್ರಶ್ನೆಯೇ. ಹೆದ್ದಾರಿಗಳ ವಿಭಜಕದಲ್ಲಿ ಕಣಗಿಲೆ, ಕಾಗದದ ಹೂವಿನ ಗಿಡಗಳು ಹೇರಳವಾಗಿರುವುದಕ್ಕೆ ಕಾರಣವಿದೆ. ಅವು ಅಲ್ಪ ನೀರಿನಲ್ಲಿ ಬದುಕುತ್ತವೆ, ಎದುರಿನ ವಾಹನದ ದೀಪದ ಪ್ರಖರತೆಯನ್ನೂ ತಡೆಯುತ್ತವೆ. ಮೆಟ್ರೋ ಮೇಲುಸೇತುವೆಯ ಕೆಳಗಿನ ವಿಭಜಕದ ಸ್ಥಿತಿ ಬೇರೆ. ಅಲ್ಲಿ ಬಿಸಿಲೂ ಕಡಿಮೆ, ಮಳೆನೀರೂ ನೇರವಾಗಿ ಬೀಳದು. ಎರಡೂ ಕಡೆಗೆ ಒಂದೇ ಗಿಡಗಳ ಪಟ್ಟಿಯನ್ನು ನಕಲು ಮಾಡಿದರೆ ಸೋಲು ಕಾಗದದಲ್ಲೇ ಬರೆದಿಟ್ಟಂತೆ.

ಹೊಣೆ ಹೊರುವವರು ಯಾರು?

ಪ್ರಾಯೋಜಕರಿಗೆ ವಿಭಜಕ ಒಪ್ಪಿಸಿ, ಪ್ರತಿಯಾಗಿ ಅವರ ಹೆಸರಿನ ಫಲಕಕ್ಕೆ ಅವಕಾಶ ನೀಡುವುದು ಪಾಲಿಕೆಗೆ ಕಾಣುವ ಇನ್ನೊಂದು ಹಾದಿ. ಖರ್ಚಿಲ್ಲವೆಂದು ತೋರಿದರೂ ಇಲ್ಲಿ ಸಾರ್ವಜನಿಕ ಜಾಗದ ಜಾಹೀರಾತು ಮೌಲ್ಯ ಕೈಬದಲಾಗುತ್ತದೆ. ಹೈಕೋರ್ಟ್ ಚಾಟಿ ಬೀಸಿದ ಬಳಿಕ 2018ರ ಆಗಸ್ಟ್‌ನಲ್ಲಿ ನಗರದ ಫ್ಲೆಕ್ಸ್, ಹೋರ್ಡಿಂಗ್‌ಗಳನ್ನು ತೆರವುಗೊಳಿಸಬೇಕಾಗಿ ಬಂದದ್ದನ್ನು ಮರೆಯುವಂತಿಲ್ಲ. ಹಣದ ಗುತ್ತಿಗೆಗೆ ಬೇಕಾದಷ್ಟೇ ಪಾರದರ್ಶಕತೆ ಉಚಿತ ನಿರ್ವಹಣೆಯ ಒಪ್ಪಂದಕ್ಕೂ ಬೇಕು.

ಮೇಲ್ವಿಚಾರಣೆಯ ಕೊರತೆ ಇದೆಲ್ಲಕ್ಕಿಂತ ದೊಡ್ಡದು. ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬರುವವರೆಗೂ ಚುನಾವಣೆ ನಡೆಯಲೇ ಇಲ್ಲ. ಆ ಐದು ವರ್ಷ ಟೆಂಡರ್ ಕಡತವನ್ನು ಪ್ರಶ್ನಿಸುವ ಸ್ಥಾಯಿ ಸಮಿತಿಯಾಗಲಿ, ಒಣಗಿದ ಗಿಡದ ಬಗ್ಗೆ ಸಭೆಯಲ್ಲಿ ದನಿಯೆತ್ತುವ ವಾರ್ಡ್ ಸದಸ್ಯನಾಗಲಿ ಇರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಒಂದು ಪಾಲಿಕೆಯ ಗಡಿ ದಾಟಿ ಇನ್ನೊಂದಕ್ಕೆ ಸಾಗುವ ರಸ್ತೆಗಳಿವೆ. ಹಳೆಯ ಗುತ್ತಿಗೆಯ ನಿರ್ವಹಣಾ ಹೊಣೆ ಯಾರದೆಂಬುದು ರಸ್ತೆವಾರು ಪ್ರಕಟವಾಗದಿದ್ದರೆ ಎಲ್ಲರೂ ಕೈಚೆಲ್ಲುವುದು ಖಚಿತ.

ಪರಿಹಾರ ಅಸಾಧ್ಯವೇನಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿದ ಹಸಿರು ಹೆದ್ದಾರಿ ನೀತಿ ಯೋಜನಾ ವೆಚ್ಚದ ಶೇ 1ರಷ್ಟನ್ನು ಗಿಡಮರಗಳಿಗೆ ಮೀಸಲಿಟ್ಟು, ನೆಟ್ಟ ಗಿಡಗಳ ಲೆಕ್ಕಪರಿಶೋಧನೆಯ ಮಾತನ್ನೂ ಆಡಿತು. ನಗರದ ಗುತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಟ್ಟು ಮೊತ್ತದ ದೊಡ್ಡ ಪಾಲನ್ನು ತಡೆಹಿಡಿದು, ಎರಡು ಬೇಸಿಗೆ ಕಳೆದ ಮೇಲೆ ಬದುಕಿರುವ ಗಿಡಗಳ ಲೆಕ್ಕಕ್ಕೆ ತಕ್ಕಂತೆ ಕಂತುಗಳಲ್ಲಿ ಬಿಡುಗಡೆ ಮಾಡಬಹುದು. ಗುತ್ತಿಗೆದಾರ, ಮೊತ್ತ, ನಿರ್ವಹಣೆಯ ಕೊನೆಯ ದಿನಾಂಕ ಮತ್ತು ಹೊಣೆಗಾರ ಎಂಜಿನಿಯರ್‌ನ ಹುದ್ದೆಯನ್ನು ನಮೂದಿಸಿದ ಫಲಕವನ್ನು ವಿಭಜಕದಲ್ಲೇ ನಿಲ್ಲಿಸಬಹುದು.

2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ಜಯನಗರದ ನಂದಾ ರಸ್ತೆಯ ಲಕ್ಷ್ಮಣರಾವ್ ಉದ್ಯಾನದ ಮರಗಳಿಗೆ ಕೊಡಲಿ ಬಿದ್ದಾಗ ನಾಗರಿಕರು ಬೀದಿಗಿಳಿದಿದ್ದರು. ರಸ್ತೆಯ ಎರಡು ಹಾದಿಗಳ ನಡುವೆ ದಶಕಗಳ ಕಾಲ ಬೆಳೆದಿದ್ದ ಆ ನೆರಳನ್ನು ಜನ ತಮ್ಮದೆಂದು ಭಾವಿಸಿದ್ದರು. ಎರಡು ಬೇಸಿಗೆಯನ್ನೂ ದಾಟದ ಹೂಗಿಡಕ್ಕಾಗಿ ಯಾರೂ ಬೀದಿಗಿಳಿಯುವುದಿಲ್ಲ. ಆದರೆ ಅದಕ್ಕೆ ತೆತ್ತ ಹಣವೂ ಅದೇ ಜನರದು.