ಸತ್ತವರ ಪುನರುತ್ಥಾನ ಮತ್ತು ಕಡೆಯ ತೀರ್ಪು: ನ್ಯಾಯದ ಒಂದು ಪ್ರಶ್ನೆ

ಕನ್ನಡ ಬೈಬಲ್ಲಿನ 'ಪುನರುತ್ಥಾನ' ಎಂಬ ಶಬ್ದ ನಮ್ಮ ಓದುಗರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಅದರ ಆದಿಯಲ್ಲಿರುವ 'ಪುನರ್' ಎಂಬುದು ಕೂಡಲೆ 'ಪುನರ್ಜನ್ಮ'ವನ್ನು ನೆನಪಿಗೆ ತರುತ್ತದೆ. ಆದಿಪುರಾಣದ ಭವಾವಳಿಗಳನ್ನು ಕೇಳುತ್ತ ಬೆಳೆದವರಿಗೆ, ಸತ್ತವನು ಮತ್ತೆ ಏಳುತ್ತಾನೆಂದರೆ ಇನ್ನೊಂದು ಭವಕ್ಕೆ ಸಲ್ಲುತ್ತಾನೆ ಎಂದೇ ಅರ್ಥ. ತೌಲನಿಕ ಅಧ್ಯಯನದ ಹೆಸರಿನ ಉಪನ್ಯಾಸಗಳಲ್ಲಿ, ಕ್ರೈಸ್ತರೂ ಆತ್ಮದ ಅಮರತ್ವವನ್ನೇ ಹೇಳುತ್ತಾರೆ, ಮಾತಿನ ಬಗೆ ಮಾತ್ರ ಬೇರೆ ಎಂಬ ಸಮನ್ವಯದ ನುಡಿಯನ್ನು ಹಲವು ಸಲ ಕೇಳಿದ್ದೇನೆ. ಅದು ಸದುದ್ದೇಶದ ನುಡಿ, ಆದರೆ ತಪ್ಪು. ಒಂದು ಮತದ ನಡುಗಂಬವನ್ನು ಕಿತ್ತು, ನಮ್ಮ ಮನೆಯ ಕಂಬದಂತೆಯೇ ಇದೆ ಎಂದು ಮೆಚ್ಚುವುದು ಆ ಮತಕ್ಕೆ ತೋರುವ ಗೌರವವಲ್ಲ.

ಉತ್ಥಾನವೆಂದರೆ ಏಳುವುದು. ಗ್ರೀಕ್ ಮೂಲದ 'ಅನಾಸ್ತಾಸಿಸ್' ಎಂಬ ಶಬ್ದದ ಅರ್ಥವೂ ಎದ್ದು ನಿಲ್ಲುವುದೆಂದೇ. ಎದ್ದು ನಿಲ್ಲುವುದು ಮಲಗಿದ್ದ ದೇಹ. ಮೊದಲ ಕ್ರೈಸ್ತರು ತಮ್ಮ ಹೂಳುನೆಲವನ್ನು ಗ್ರೀಕಿನಲ್ಲಿ 'ಮಲಗುವ ತಾಣ' ಎಂದು ಕರೆದದ್ದು ಇದೇ ನಂಬಿಕೆಯಿಂದ. ಈ ನಂಬಿಕೆ ಸಾವಿಗಂಜಿದ ಮನಸ್ಸು ಕಟ್ಟಿಕೊಂಡ ಸಮಾಧಾನವಲ್ಲ. ಅದು ನ್ಯಾಯದ ಪ್ರಶ್ನೆಯೊಂದರಿಂದ ಹುಟ್ಟಿತು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರ ಅದರ ಚರಿತ್ರೆಯಲ್ಲಿಯೇ ಇದೆ.

ಹಳೆಯ ಹೀಬ್ರೂ ಗ್ರಂಥಗಳಲ್ಲಿ ಸತ್ತವರ ಗತಿಯ ವಿಚಾರ ಹೆಚ್ಚಾಗಿ ಬರುವುದಿಲ್ಲ. ಸತ್ತವರೆಲ್ಲ 'ಷೆಯೋಲ್' ಎಂಬ ಮಬ್ಬುಲೋಕಕ್ಕೆ ಇಳಿಯುತ್ತಾರೆ. ಅಲ್ಲಿ ಹರ್ಷವಿಲ್ಲ, ಹೆಚ್ಚಿನ ಯಾತನೆಯೂ ಇಲ್ಲ. ಧರ್ಮವನ್ನು ಪಾಲಿಸಿದವನಿಗೆ ದೀರ್ಘಾಯುಷ್ಯ, ಸಂತಾನ, ಬೆಳೆ ಎಲ್ಲ ಈ ಲೋಕದಲ್ಲಿಯೇ ದೊರೆಯುತ್ತವೆ ಎಂಬುದು ಅಂದಿನ ಮುಖ್ಯ ಎಣಿಕೆ. ಕ್ರಿ.ಪೂ. 167ರ ಸುಮಾರಿಗೆ ಸೆಲ್ಯೂಕಸ್ ವಂಶದ ನಾಲ್ವಡಿ ಅಂತಿಯೋಕಸ್ ಯೆಹೂದ್ಯರ ಆಚರಣೆಗಳನ್ನು ನಿಷೇಧಿಸಿದಾಗ ಈ ಎಣಿಕೆ ಮುರಿದುಬಿತ್ತು. ಧರ್ಮವನ್ನು ಬಿಟ್ಟವರು ಬದುಕಿಕೊಂಡರು. ಹಿಡಿದವರು ಅದನ್ನು ಹಿಡಿದ ಕಾರಣಕ್ಕೇ ಸತ್ತರು. ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ, ಮಣ್ಣಿನಲ್ಲಿ ಮಲಗಿದವರಲ್ಲಿ ಅನೇಕರು ಎಚ್ಚರಗೊಳ್ಳುವರು, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯ ನಿಂದೆಗೆ ಎಂಬ ವಿಚಾರ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಆ ಭಾಗ ಈ ಹಿಂಸೆಯ ಕಾಲದ್ದೆಂದು ಬಹುಪಾಲು ವಿದ್ವಾಂಸರ ಮತ.

ಮಕ್ಕಬಿಯರ ಎರಡನೆಯ ಗ್ರಂಥದ 7ನೆಯ ಅಧ್ಯಾಯ ಇನ್ನೂ ನೇರವಾಗಿದೆ. (ಪ್ರಾಟೆಸ್ಟೆಂಟರು ಇದನ್ನು ಪ್ರಮಾಣಗ್ರಂಥವೆಂದು ಎಣಿಸುವುದಿಲ್ಲ, ಚರಿತ್ರೆಯ ವಿದ್ಯಾರ್ಥಿ ಬಿಡುವಂತಿಲ್ಲ.) ತಾಯಿಯ ಕಣ್ಣೆದುರಿನಲ್ಲಿ ಏಳು ಮಂದಿ ಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ಚಿತ್ರಹಿಂಸೆಗೆ ಗುರಿಮಾಡಿ ಕೊಲ್ಲಲಾಗುತ್ತದೆ. ಮೂರನೆಯವನು ಕೇಳಿದ ಕೂಡಲೆ ನಾಲಗೆಯನ್ನು ಚಾಚುತ್ತಾನೆ, ಕೈಗಳನ್ನು ಧೈರ್ಯದಿಂದ ಮುಂದೊಡ್ಡುತ್ತಾನೆ. ಇವು ಪರಲೋಕದಿಂದ ಬಂದವು, ಅಲ್ಲಿಂದಲೇ ಮರಳಿ ದೊರೆಯುತ್ತವೆ ಎಂಬುದು ಅವನ ಮಾತಿನ ತಾತ್ಪರ್ಯ. ಅವನಿಗೆ ಬೇಕಾದುದು ಆತ್ಮದ ಶಾಂತಿಯಲ್ಲ, ಕಡಿದುಹಾಕಿದ ಆ ಕೈಗಳು. ಅರಸನು ಕಿತ್ತುಕೊಂಡದ್ದು ದೇಹವನ್ನಾದರೆ ನ್ಯಾಯವು ಹಿಂದಿರುಗಿಸಬೇಕಾದುದೂ ದೇಹವನ್ನೇ.

ಯೇಸುವಿನ ಕಾಲಕ್ಕೆ ಈ ನಂಬಿಕೆ ಯೆಹೂದ್ಯರಲ್ಲಿಯೇ ವಿವಾದದ ವಿಷಯವಾಗಿತ್ತು. ಫರಿಸಾಯರು ಒಪ್ಪಿದರು; ದೇವಾಲಯದ ಆಡಳಿತವನ್ನು ಹಿಡಿದಿದ್ದ ಸದ್ದುಕಾಯರು ಒಪ್ಪಲಿಲ್ಲ. ಉಂಡುಟ್ಟು ಸುಖವಾಗಿದ್ದವರಿಗೆ ಕಡೆಯ ತೀರ್ಪಿನ ಅವಸರವಿರಲಿಲ್ಲವೆಂದರೆ ಕುಹಕವಾದೀತೇನೋ. ಪೌಲನು ಅಥೆನ್ಸಿನ ಅರಿಯೋಪಾಗದಲ್ಲಿ ಮಾತಾಡಿದಾಗ ಅಲ್ಲಿಯ ಪಂಡಿತರು ದೇವರ ವಿಚಾರವನ್ನು ಸಾವಧಾನವಾಗಿಯೇ ಕೇಳಿದರು. ಸತ್ತವರ ಪುನರುತ್ಥಾನವೆಂದ ಕೂಡಲೆ ಕೆಲವರು ನಕ್ಕರು. ಪ್ಲೇಟೋವಿನ ನಾಡಿನಲ್ಲಿ ಆತ್ಮದ ಅಮರತ್ವ ಹಳೆಯ ಮಾತು. ಅಲ್ಲಿ ನಗೆ ಬರಿಸಿದ್ದು ದೇಹ. ಎರಡೂ ಒಂದೇ ಆಗಿದ್ದರೆ ಅವರು ನಗುತ್ತಿರಲಿಲ್ಲ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ ಈ ವಿಷಯದ ಪ್ರಧಾನ ಆಕರ. ಅಲ್ಲಿ ಆತನು ಬೀಜ ಮತ್ತು ಪೈರಿನ ಹೋಲಿಕೆಯನ್ನು ಹಿಡಿಯುತ್ತಾನೆ: ಬಿತ್ತಿದ್ದು ಒಂದು ರೂಪ, ಎದ್ದದ್ದು ಇನ್ನೊಂದು ರೂಪ, ಆದರೂ ಅದು ಆ ಬೀಜದ್ದೇ ಪೈರು. ಅಳಿಯುವ ದೇಹಕ್ಕೆ ಬದಲು ಅಳಿಯದ 'ಆತ್ಮಿಕ ದೇಹ' ಎಂದು ಆತನು ಹೇಳುವಾಗ ಜೈನ ಓದುಗರಿಗೆ ಔದಾರಿಕ ಶರೀರವನ್ನು ಬಿಟ್ಟು ಜೀವದೊಡನೆ ಸಾಗುವ ಕಾರ್ಮಣ ಶರೀರ ನೆನಪಾಗಬಹುದು. ಈ ಹೋಲಿಕೆ ನಿಲ್ಲುವುದಿಲ್ಲ. ಕಾರ್ಮಣ ಶರೀರವು ಬಂಧನ, ಮೋಕ್ಷಕ್ಕೆ ಮುನ್ನ ಕಳಚಬೇಕಾದುದು. ಪೌಲನ ಆತ್ಮಿಕ ದೇಹವು ಬಿಡುಗಡೆಯಾದವನಿಗೆ ದೇವರು ಕೊಡುವ ವರ, ಎಂದಿಗೂ ಕಳಚದಂಥದು. ದೇಹದಿಂದ ಬಿಡುಗಡೆ ಒಂದು ಕಡೆ, ದೇಹಕ್ಕೇ ಬಿಡುಗಡೆ ಇನ್ನೊಂದು ಕಡೆ.

ದೇಹದ ಪಕ್ಷವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವನು ಕಾರ್ತೇಜಿನ ತೆರ್ತುಲ್ಲಿಯನ್. ಉಪವಾಸ ಮಾಡಿದ್ದು ದೇಹ, ಸೆರೆಮನೆಯಲ್ಲಿ ಕೊಳೆತದ್ದು ದೇಹ, ಪಾಪದಲ್ಲಿಯೂ ಪಾಲುಗೊಂಡದ್ದು ದೇಹ. ಹಾಗಿರುವಾಗ ತೀರ್ಪಿನ ದಿನ ಆತ್ಮವೊಂದನ್ನೇ ಕರೆಯುವುದು ಅನ್ಯಾಯವೆಂಬುದು ಆತನ ವಾದ. ಈ ನಂಬಿಕೆ ಹಗೆಗಳಿಗೂ ತಿಳಿದಿತ್ತು. ಕ್ರಿ.ಶ. 177ರಲ್ಲಿ ಗಾಲ್ ದೇಶದ ಲಿಯೋನಿನಲ್ಲಿ ಕೊಲ್ಲಲ್ಪಟ್ಟ ಕ್ರೈಸ್ತರ ಶವಗಳನ್ನು ಆರು ದಿನ ಬಯಲಿಗಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಇನ್ನು ಹೇಗೆ ಏಳುತ್ತಾರೋ ನೋಡೋಣ ಎಂಬ ಹಟ ಅದರ ಹಿಂದಿತ್ತೆಂದು ಯೂಸೇಬಿಯಸ್ ಉಳಿಸಿರುವ ಪತ್ರ ಹೇಳುತ್ತದೆ. ನರಭಕ್ಷಕನು ತಿಂದ ಮಾಂಸ ಕಡೆಗೆ ಯಾರ ದೇಹಕ್ಕೆ ಸಲ್ಲಬೇಕು ಎಂಬ ಪ್ರಶ್ನೆಗೂ ಅಗಸ್ಟೀನನು 'ದೇವರ ನಗರ'ದ ಕಡೆಯ ಭಾಗದಲ್ಲಿ ಉತ್ತರ ಕೊಟ್ಟಿದ್ದಾನೆ: ಅದು ಮೊದಲು ಯಾರದಾಗಿತ್ತೋ ಅವರಿಗೆ. ಇಂದು ಇದು ಬಾಲಿಶವೆನಿಸಬಹುದು. ನನಗೆ ಅಲ್ಲಿಯೂ ಸಾಲ ತೀರಿಸುವ ಒಂದು ಕಟ್ಟುನಿಟ್ಟು ಕಾಣುತ್ತದೆ.

ಪ್ರತಿಯೊಬ್ಬನಿಗೂ ಸತ್ತಾಗಲೇ ತೀರ್ಪಾಗುವುದಾದರೆ ಲೋಕಾಂತ್ಯದಲ್ಲಿ ಇನ್ನೊಂದು ತೀರ್ಪು ಏತಕ್ಕೆ? ಈ ತೊಡಕು ಪೋಪರನ್ನೂ ಬಿಡಲಿಲ್ಲ. 1331ರ ಸಕಲ ಸಂತರ ಹಬ್ಬದಂದು ಅವಿನ್ಯೋನಿನಲ್ಲಿ ಇಪ್ಪತ್ತೆರಡನೆಯ ಜಾನ್, ಸಂತರ ಆತ್ಮಗಳು ಕೂಡ ಕಡೆಯ ತೀರ್ಪಿನವರೆಗೆ ದೇವರ ಮುಖವನ್ನು ಕಾಣವೆಂದು ಪ್ರವಚನದಲ್ಲಿ ಹೇಳಿದರು. ಪ್ಯಾರಿಸಿನ ಪಂಡಿತರು ತಿರುಗಿಬಿದ್ದರು. 1334ರಲ್ಲಿ ಮರಣಶಯ್ಯೆಯಲ್ಲಿ ಪೋಪರು ತಮ್ಮ ಮಾತನ್ನು ಹಿಂತೆಗೆದುಕೊಂಡರು. 1336ರಲ್ಲಿ ಅವರ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟ್, ಶುದ್ಧವಾದ ಆತ್ಮಗಳು ಪುನರುತ್ಥಾನಕ್ಕೆ ಮುನ್ನವೇ ದೇವದರ್ಶನ ಪಡೆಯುತ್ತವೆಂದು ವಿಧಿಸಿದರು. ಭಕ್ತರಿಗೆ ನೆಮ್ಮದಿಯಾಯಿತು. ಆದರೆ ಕಡೆಯ ತೀರ್ಪಿನ ತೂಕ ಅಂದಿನಿಂದ ಸ್ವಲ್ಪ ಇಳಿಯಿತೆಂದು ನನ್ನ ಎಣಿಕೆ.

ಆ ತೂಕವನ್ನು ಸರಿಯಾಗಿ ಹಿಡಿದಿದ್ದವನು ಅದಕ್ಕೂ ಮೊದಲಿನ, 13ನೆಯ ಶತಮಾನದ ಥಾಮಸ್ ಅಕ್ವಿನಾಸ್. ಮನುಷ್ಯನ ಬದುಕು ಸಾವಿನೊಡನೆ ಪೂರ್ತಿ ಮುಗಿಯುವುದಿಲ್ಲ. ಜನರ ನೆನಪಿನಲ್ಲಿ, ಮಕ್ಕಳಲ್ಲಿ, ಮಾಡಿದ ಕೃತ್ಯಗಳ ಪರಿಣಾಮಗಳಲ್ಲಿ ಅದು ಮುಂದುವರಿಯುತ್ತದೆ. ಒಬ್ಬನು ಬಿತ್ತಿದ ಮೋಸ ಅವನು ಸತ್ತ ಸಾವಿರ ವರ್ಷಗಳ ಮೇಲೂ ಜನರನ್ನು ಕೆಡಿಸುತ್ತಿರಬಹುದು. ಇನ್ನೊಬ್ಬನ ಸದ್ಬೋಧೆ ಹಾಗೆಯೇ ಕಾಯುತ್ತಿರಬಹುದು. ಆದುದರಿಂದ ಕಾಲ ಹರಿಯುತ್ತಿರುವವರೆಗೆ ಯಾವ ಬದುಕಿನ ಮೇಲೂ ಪೂರ್ಣ ತೀರ್ಪು ಸಾಧ್ಯವಿಲ್ಲ. ಕರ್ಮಸಿದ್ಧಾಂತದಲ್ಲಿ ಬೆಳೆದ ನಾನು ಈ ವಾದದೆದುರು ಹಲವು ದಿನ ನಿಂತಿದ್ದೇನೆ. ನಮ್ಮಲ್ಲಿ ತೀರ್ಪುಗಾರನಿಲ್ಲ, ಕರ್ಮವು ಕಟ್ಟಿದವನಿಗೆ ತಾನೇ ಉದಯಕ್ಕೆ ಬರುತ್ತದೆ, ಲೆಕ್ಕ ಜೀವಜೀವಕ್ಕೆ ಬೇರೆ. ಅದು ಕರಾರುವಾಕ್ಕಾದ ಲೆಕ್ಕ. ಆದರೆ ಕೊಂದವನೂ ಕೊಲೆಯಾದವನೂ ಎಲ್ಲರೆದುರು ಒಂದೆಡೆ ನಿಂತು ನಡೆದುದನ್ನು ನಡೆದಂತೆ ಕೇಳುವ ದಿನವೊಂದು ಅದರಲ್ಲಿಲ್ಲ. ಕ್ರೈಸ್ತರಿಗೆ ಆ ದಿನವಿಲ್ಲದೆ ನ್ಯಾಯ ಪೂರ್ತಿಯಾಗದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಅಂದು ಕೇಳುವ ಪ್ರಶ್ನೆಗಳೂ ದೇಹದವೇ: ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬತ್ತಲೆಗೆ ಬಟ್ಟೆ, ರೋಗಿಗೆ ಆರೈಕೆ.

ನನಗೆ ಒಪ್ಪಿಗೆಯಾಗದವೂ ಇವೆ. ಮಿತಿಯುಳ್ಳ ಬದುಕಿನ ತಪ್ಪಿಗೆ ಮಿತಿಯಿಲ್ಲದ ನರಕವೆಂಬುದು ನ್ಯಾಯದ ವಾದದಿಂದಲೇ ಬಿದ್ದುಹೋಗುವಂಥದು. ಇದೇ ತೆರ್ತುಲ್ಲಿಯನ್, ಹಿಂಸಕರು ಉರಿಯಲ್ಲಿ ಬೇಯುವುದನ್ನು ನೋಡಿ ತಾನು ಹಿಗ್ಗುವ ದಿನವನ್ನು ಬಣ್ಣಿಸುವಾಗ ನೊಂದವನ ನ್ಯಾಯ ಸೇಡಾಗಿ ಹುಳಿತದ್ದು ಕಾಣುತ್ತದೆ. ನಿಸ್ಸದ ಗ್ರೆಗರಿ ತನ್ನ ಅಕ್ಕ ಮಕ್ರೀನಳ ಮರಣಶಯ್ಯೆಯ ಬಳಿ ನಡೆದುದಾಗಿ ಬರೆದ ಸಂವಾದ ಇದಕ್ಕೆ ತಕ್ಕ ಮದ್ದು: ಅಲ್ಲಿ ಆಕೆಯೇ ಗುರು, ಬೆಂಕಿ ಚಿನ್ನವನ್ನು ಪುಟವಿಡುವ ಬೆಂಕಿ, ಕಡೆಗೆ ಎಲ್ಲರೂ ಮರಳುತ್ತಾರೆ. ಮೂಕ ಪ್ರಾಣಿಗಳನ್ನು ಬಹುಪಾಲು ದೇವಶಾಸ್ತ್ರಜ್ಞರು ಪುನರುತ್ಥಾನದ ಹೊರಗಿಟ್ಟದ್ದು ನನ್ನ ಇನ್ನೊಂದು ತಕರಾರು. 1781ರಲ್ಲಿ ಜಾನ್ ವೆಸ್ಲಿ ಪ್ರಾಣಿಗಳಿಗೂ ಬಿಡುಗಡೆಯುಂಟೆಂದು ಬರೆದನೆಂಬುದನ್ನು ಓದಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

1955ರಲ್ಲಿ ಆಸ್ಕರ್ ಕುಲ್ಮನ್ ಹಾರ್ವರ್ಡಿನ ಉಪನ್ಯಾಸದಲ್ಲಿ, ಹೊಸ ಒಡಂಬಡಿಕೆ ಬೋಧಿಸುವುದು ಆತ್ಮದ ಅಮರತ್ವವನ್ನಲ್ಲ, ಸತ್ತವರ ಪುನರುತ್ಥಾನವನ್ನು ಎಂದು ವಾದಿಸಿದಾಗ ಸಿಟ್ಟಾದವರಲ್ಲಿ ಕ್ರೈಸ್ತರೇ ಬಹಳ. 1963ರಲ್ಲಿ ಕಥೋಲಿಕ ಸಭೆ ಶವದಹನಕ್ಕೆ ಅನುಮತಿ ಕೊಟ್ಟಾಗ, ಪುನರುತ್ಥಾನವನ್ನು ಅಲ್ಲಗಳೆಯುವ ಉದ್ದೇಶ ಅದರಲ್ಲಿರಬಾರದೆಂದಿತು. ಬೂದಿಯಾದ ದೇಹವನ್ನೂ ಎಬ್ಬಿಸಬಲ್ಲ ದೇವರಿಗೆ ಚಿತೆ ಅಡ್ಡಿಯಲ್ಲ. ರೋನ್ ನದಿಯ ದಂಡೆಯಲ್ಲಿ ಬೂದಿ ಚೆಲ್ಲಿದವರಿಗೆ ಕೊಡಬೇಕಾಗಿದ್ದ ಉತ್ತರವೂ ಅದೇ.

ಎದ್ದುಬಂದ ಯೇಸುವಿನ ದೇಹದಲ್ಲಿ ಮೊಳೆಯ ಗಾಯಗಳಿದ್ದವೆಂದು ಯೋಹಾನನ ಸುವಾರ್ತೆ ಹೇಳುತ್ತದೆ; ತೋಮನು ನಂಬಿದ್ದು ಅವುಗಳನ್ನು ಕಂಡ ಮೇಲೆ. ಹುತಾತ್ಮರ ಕತ್ತರಿಸಿದ ಅಂಗಗಳು ಅಂದು ಕೂಡಿಕೊಂಡರೂ ಕಲೆಗಳು ಉಳಿಯಬಹುದು, ಅವು ಕುರೂಪವೆನಿಸವು ಎಂದು ಅಗಸ್ಟೀನನು ಊಹಿಸುತ್ತಾನೆ. 1541ರಲ್ಲಿ ಮುಗಿದ ಮಿಕೆಲಾಂಜೆಲೋನ ಕಡೆಯ ತೀರ್ಪಿನ ಚಿತ್ರದಲ್ಲಿ, ಜೀವಂತವಾಗಿ ಚರ್ಮ ಸುಲಿಸಿಕೊಂಡ ಬಾರ್ತೊಲೊಮಾಯನು ತೀರ್ಪುಗಾರನ ಕಾಲ ಬಳಿ ಮುಕ್ಕಾಗದ ಮೈಯೊಡನೆ ಕುಳಿತಿದ್ದಾನೆ. ಸುಲಿದ ಆ ಚರ್ಮ ಅವನ ಎಡಗೈಯಲ್ಲಿ ಜೋಲುತ್ತಿದೆ.