ಕಲ್ಲೂ ಇದ್ದಲೂ

ಮೊನ್ನೆ ತರಗತಿಯಲ್ಲಿ ಸಮಾಸಪ್ರಕರಣವನ್ನು ವಿವರಿಸುತ್ತಿದ್ದಾಗ ‘ಕಲ್ಲಿದ್ದಲು’ ಎಂಬ ಮಾತನ್ನು ಉದಾಹರಣೆಗೆ ತೆಗೆದುಕೊಂಡೆ. ಕಲ್ಲಿನಂಥ ಇದ್ದಲು ಎಂದು ವಿಗ್ರಹಿಸಿ ಮುಂದೆ ಸಾಗುವಷ್ಟರಲ್ಲಿ ಹಿಂದಿನ ಸಾಲಿನಿಂದ ರಾಯಚೂರಿನ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಸರ್, ನಮ್ಮ ಹಟ್ಟಿಯೊಳಗ ಬಂಗಾರ ಅದ, ಸೊಂಡೂರಿನ್ಯಾಗ ಕಬ್ಬಿಣ ಅದ. ಕಲ್ಲಿದ್ದಲು ಮಾತ್ರ ಯಾಕಿಲ್ರಿ?” ಎಂದು ಕೇಳಿದ. ವ್ಯಾಕರಣದ ಪ್ರಶ್ನೆಯಾಗಿದ್ದರೆ ಅಲ್ಲಿಯೇ ಉತ್ತರ ಹೇಳುತ್ತಿದ್ದೆ. ಇದಕ್ಕೆ ಒಂದು ವಾರದ ಅವಧಿ ಕೇಳಬೇಕಾಯಿತು.

ಉತ್ತರ ದೊರೆತಾಗ ನನಗೇ ಸೋಜಿಗವೆನಿಸಿತು. ನಮ್ಮ ನೆಲ ಬಡತನದಿಂದ ಕಲ್ಲಿದ್ದಲನ್ನು ಕಳೆದುಕೊಂಡದ್ದಲ್ಲ, ಮುಪ್ಪಿನಿಂದ ಕಳೆದುಕೊಂಡದ್ದು. ಹಟ್ಟಿಯ ಚಿನ್ನವನ್ನು ಹೊತ್ತ ಶಿಲೆಗಳಿಗೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮಿಕ್ಕ ವಯಸ್ಸು. ನೆಲದ ಮೇಲೆ ಗಿಡವೆಂಬುದು ತಲೆಯೆತ್ತಿ ಐವತ್ತು ಕೋಟಿ ವರ್ಷಗಳೂ ಆಗಿಲ್ಲ. ಅಡವಿಯೇ ಇಲ್ಲದ ಕಾಲದ ಕಲ್ಲಿನಲ್ಲಿ ಅಡವಿಯ ಇದ್ದಲು ಎಲ್ಲಿಂದ ಬರಬೇಕು? ಕಲಾದಗಿ ಮತ್ತು ಭೀಮಾ ತೀರಗಳ ಪದರಗಲ್ಲುಗಳೂ ಗಿಡಮರಗಳಿಗಿಂತ ಹಿರಿಯವೇ. ನೆರೆಯ ಗೋದಾವರಿ ಕಣಿವೆಯ ಮಾತು ಬೇರೆ. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಅಲ್ಲಿ ಕುಸಿದ ತಗ್ಗಿನಲ್ಲಿ ಕೊಳೆತ ಸಸ್ಯರಾಶಿ ತುಂಬಿಕೊಂಡು ಸಿಂಗರೇಣಿಯ ಕಲ್ಲಿದ್ದಲಾಯಿತು.

ಈ ಕಾರಣದಿಂದಲೇ ಕೃಷ್ಣೆಯ ದಡದ ಶಕ್ತಿನಗರದಲ್ಲಿ ನಾವು ಉರಿಸುವುದು ಪರರ ನೆಲದ ಸೊತ್ತು. ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ವಿದ್ಯುತ್ತನ್ನು ಕೊಡತೊಡಗಿದ್ದು 1985ರಲ್ಲಿ. ಎಂಟನೆಯದು ಬಂದದ್ದು 2010ರಲ್ಲಿ. ಎಂಟೂ ಸೇರಿ 1720 ಮೆಗಾವಾಟ್. ಬಳ್ಳಾರಿಯ ಬಳಿಯ ಕುಡತಿನಿ, ರಾಯಚೂರಿಗೆ ತಾಗಿಕೊಂಡ ಯರಮರಸ್, ಇವೂ ಹೊರಗಿನಿಂದ ಬಂದ ಕಲ್ಲಿದ್ದಲನ್ನೇ ಉಣ್ಣುವಂಥವು.

ಕನ್ನಡ ಮೇಷ್ಟ್ರಾದರೂ ಒಂದಿಷ್ಟು ಲೆಕ್ಕ ಬರುತ್ತದೆಂಬ ಧೈರ್ಯದಿಂದ ಕಾಗದ ಪೆನ್ಸಿಲು ಹಿಡಿದು ಕುಳಿತೆ. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಹುಟ್ಟಲು ಸುಮಾರು 700 ಗ್ರಾಂ ಉರಿಯಬೇಕು. ಶಕ್ತಿನಗರದ ಎಂಟು ಘಟಕಗಳೂ ಹಗಲಿರುಳು ಪೂರ್ಣವಾಗಿ ನಡೆದರೆ ದಿನಕ್ಕೆ ನಾಲ್ಕು ಕೋಟಿ ಯೂನಿಟ್ಟಿಗೂ ಹೆಚ್ಚು. ಅದಕ್ಕೆ ಬೇಕಾದ ಕಲ್ಲಿದ್ದಲು 28 ಸಾವಿರ ಟನ್ನುಗಳಿಗೂ ಮಿಕ್ಕದ್ದು. ಐವತ್ತೆಂಟು ವ್ಯಾಗನ್ನುಗಳ ಒಂದು ಗೂಡ್ಸ್ ಗಾಡಿ ಸುಮಾರು 4 ಸಾವಿರ ಟನ್ ಹೊರುತ್ತದೆ ಎಂದರೆ ದಿನಕ್ಕೆ ಏಳು ಗಾಡಿಗಳು. (ಬಿಸಿಲು ಗಾಳಿಗಳ ವಿದ್ಯುತ್ತು ಹೆಚ್ಚಿರುವ ಈ ದಿನಗಳಲ್ಲಿ ಎಲ್ಲ ಘಟಕಗಳೂ ಸದಾ ಓಡುವುದಿಲ್ಲವೆಂಬುದು ನಿಜ. ಆದರೆ ಗಾಳಿ ನಿಂತ ಬೇಸಗೆಯ ಸಂಜೆ ಎಲ್ಲರ ಕಣ್ಣೂ ಅತ್ತಲೇ ಹೊರಳುತ್ತದೆ.)

ಇಲ್ಲಿಯವರೆಗೆ ಲೆಕ್ಕ ಸಲೀಸು. ತೊಡಕಿರುವುದು ಮುಂದೆ. ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45ರಷ್ಟು ಬೂದಿಯ ಅಂಶ. ಪ್ರಾಚೀನ ಹೊಳೆಗಳು ಸಸ್ಯದ ಕೊಳೆಯೊಡನೆ ಹೂಳನ್ನೂ ಜೇಡಿಯನ್ನೂ ತಂದು ತಗ್ಗಿನಲ್ಲಿ ಸುರಿದದ್ದರಿಂದ ಅದು ಇದ್ದಲಿನ ಎಳೆಎಳೆಯಲ್ಲೂ ಬೆರೆತಿದೆ. ತೊಳೆದರೆ ಕೊಂಚ ತಗ್ಗುತ್ತದೆಯೇ ಹೊರತು ಪೂರ್ತಿ ಬಿಡದು. ಮೂರರಲ್ಲೊಂದು ಪಾಲೆಂದು ಹಿಡಿದರೂ, ಏಳು ಗಾಡಿಗಳಲ್ಲಿ ಎರಡಕ್ಕೂ ಮಿಕ್ಕಷ್ಟು ಬರುವುದು ಬರಿಯ ಮಣ್ಣು. ಅದಕ್ಕೂ ರೈಲುಸಾಗಣೆಯ ದುಡ್ಡು ತೆತ್ತು, ಒಲೆಯಲ್ಲಿ ಕಾಯಿಸಿ, ಕೊನೆಗೆ ಕೃಷ್ಣೆಯ ಮಗ್ಗುಲಲ್ಲಿ ಸುರಿಯುತ್ತೇವೆ. ತರಗತಿಯಲ್ಲಿ ನಾನು ಹೇಳಿದ ವಿಗ್ರಹವಾಕ್ಯವೇ ತಪ್ಪು. ಕಲ್ಲೂ ಇದ್ದಲೂ ಎಂದು ದ್ವಂದ್ವವಾಗಿ ಬಿಡಿಸಬೇಕಾಗಿತ್ತು!

ಬೂದಿಯಲ್ಲಿಯೂ ಮೇಲುಕೀಳುಗಳುಂಟು. ಹೊಗೆಯೊಡನೆ ಏರುವ ನುಣುಪಾದ ಹಾರುಬೂದಿಯನ್ನು ವಿದ್ಯುದಾಕರ್ಷಣೆಯಿಂದ ಹಿಡಿದಿಟ್ಟರೆ ಸಿಮೆಂಟಿನವರು, ಇಟ್ಟಿಗೆಯವರು ಒಯ್ಯುತ್ತಾರೆ. ಒಲೆಯ ತಳಕ್ಕೆ ಬಿದ್ದ ದಪ್ಪಬೂದಿಗೆ ಅಂಥ ಗಿರಾಕಿಗಳಿಲ್ಲ. ಅದು ನೀರಿನಲ್ಲಿ ಕಲಸಿಕೊಂಡು ಕೊಳವೆಯಲ್ಲಿ ಹರಿದು ಬೂದಿಹೊಂಡ ಸೇರುತ್ತದೆ. ಹೊಂಡದ ಮೈ ಒಣಗಿದಾಗ ಗಾಳಿ ಅದನ್ನು ಎತ್ತುತ್ತದೆ. ಅಣುಪ್ರಮಾಣದಲ್ಲಿರುವ ಆರ್ಸೆನಿಕ್, ಸೀಸಗಳಂಥವು ತಳದಿಂದ ಅಂತರ್ಜಲಕ್ಕೆ ಇಳಿಯುವ ಭಯವೂ ಇದೆ. ಬೂದಿಯೆಲ್ಲವೂ ಉಪಯೋಗಕ್ಕೆ ಬರಬೇಕೆಂದು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಆಜ್ಞೆ ಒಳ್ಳೆಯದೇ. ಆದರೆ ಮನೆಗೆ ಬರುವ ವಿದ್ಯುತ್ತಿನ ಬಿಲ್ಲಿನಲ್ಲಿ ಯೂನಿಟ್ಟಿನ ಲೆಕ್ಕವಿದೆಯಲ್ಲದೆ, ಆ ಯೂನಿಟ್ಟಿನ ಬೆನ್ನಿಗೆ ಬಿದ್ದ ಕಾಲು ಕಿಲೋ ಬೂದಿಯ ಲೆಕ್ಕವಿಲ್ಲ. ನಗರದಲ್ಲಿ ದೀಪ ಹಚ್ಚುವ ನಮಗೆ ಅದು ಕಾಣುವುದೂ ಇಲ್ಲ.

ಇದಕ್ಕೆ ಯುರೇನಿಯಮ್ಮೇ ಮದ್ದೆನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕೈಗಾದಲ್ಲಿರುವಂಥ ರಿಯಾಕ್ಟರಿನಲ್ಲಿ ಒಂದು ಕಿಲೋ ನೈಸರ್ಗಿಕ ಯುರೇನಿಯಂ ಸುಮಾರು 50 ಸಾವಿರ ಯೂನಿಟ್ ಕೊಡುತ್ತದೆ, ಎಂದರೆ ಮೂವತ್ತಕ್ಕೂ ಹೆಚ್ಚು ಟನ್ ಕಲ್ಲಿದ್ದಲಿನ ಕೆಲಸ. ಆದರೆ ಅದು ಉಳಿಸಿಹೋಗುವ ಅವಶೇಷವನ್ನು ಇಟ್ಟಿಗೆ ಮಾಡಲು ಬಾರದು. ತಲೆಮಾರುಗಳ ಕಾಲ ಕಾಯಬೇಕು. ಯುರೇನಿಯಂ ನಮ್ಮಲ್ಲಿಯೇ ಇದೆ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ. ಅಲ್ಲಿ ಶೋಧನೆಗಾಗಿ ನೆಲ ತೋಡಿದಾಗ ಊರವರು ಬಾವಿಯ ನೀರಿಗಾಗಿ ಅಂಜಿ ವಿರೋಧಿಸಿದರು. ಅದನ್ನು ಅಜ್ಞಾನವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ಬೂದಿಯ ಪಕ್ಕದಲ್ಲಿ ಬದುಕುವವರನ್ನು ಕಂಡ ಸೀಮೆಯವರು ಅವರು.

ವಾರ ಕಳೆದ ಮೇಲೆ ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. ಹುಡುಗ ಮತ್ತೆ ಎದ್ದ. “ಸರ್, ಆ ಗಾಡಿಗಳು ಹೋಗುವಾಗ ಖಾಲಿ ಹೋಗ್ತಾವಲ್ರಿ. ಬೂದಿ ಅದರಾಗ ಹಾಕಿ ವಾಪಸ್ ಕಳಸಬಾರದೇನ್ರಿ?” ಬರಿದಾದ ಗಣಿಗಳ ಕುಳಿಗಳನ್ನು ಬೂದಿಯಿಂದ ತುಂಬುವ ಉಪಾಯ ಆ ಅಧಿಸೂಚನೆಯಲ್ಲಿಯೂ ಇದೆ. ಬೂದಿ ಹಾರದಂತೆ ವ್ಯಾಗನ್ನುಗಳನ್ನು ಮುಚ್ಚಬೇಕು, ಕುಳಿಯ ತಳದ ನೀರನ್ನು ಪರೀಕ್ಷಿಸುತ್ತಿರಬೇಕು, ಮರುಸಾಗಣೆಯ ಖರ್ಚು ಯಾರದೆಂದು ತೀರ್ಮಾನವಾಗಬೇಕು. ಅದು ಗಣಿಯವರದೋ, ವಿದ್ಯುತ್ತಿನವರದೋ, ಬಿಲ್ಲು ತೆರುವ ನಮ್ಮದೋ ಎಂದು ತರಗತಿಯನ್ನೇ ಕೇಳಿದೆ. ಗಂಟೆ ಬಾರಿಸಿದ ಮೇಲೂ ಹುಡುಗರು ವಾದಿಸುತ್ತಲೇ ಇದ್ದರು. ಸಮಾಸಪ್ರಕರಣ ಅರ್ಧಕ್ಕೇ ನಿಂತಿದೆ.