ಹೊಸ ಗಿಟಾರಿಗೆ ಎರವಲು ಗಾಯ

ನಮ್ಮ ಸಂಘದ ಮನೆಗಳಲ್ಲಿ ವೀಣೆ, ಕೊಳಲು, ಮೃದಂಗಗಳ ಪಕ್ಕದಲ್ಲಿ ಈಗ ಎಲೆಕ್ಟ್ರಿಕ್ ಗಿಟಾರ್ ಕೂಡ ಬಂದು ನಿಂತಿದೆ. ಅದು ಸಂತೋಷದ ಸಂಗತಿಯೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ಒಗ್ಗಿಸಿದ ಕದ್ರಿ ಗೋಪಾಲನಾಥರ ನಾಡಿನವರು ನಾವು; ವಾದ್ಯ ಪರದೇಶದ್ದೆಂದು ಮೂಗು ಮುರಿಯುವ ಹಕ್ಕು ನಮಗಿಲ್ಲ. ಈ ಬರಹದ ಆಕ್ಷೇಪ ವಾದ್ಯದ ಮೇಲಲ್ಲ, ಅದರ ಮೈಮೇಲೆ ಬಳಿದ ಸುಳ್ಳಿನ ಮೇಲೆ.

ಕಳೆದ ದೀಪಾವಳಿಯ ಸಮಯದಲ್ಲಿ ರುಂಡಾದ ಸದಸ್ಯರೊಬ್ಬರ ಮನೆಗೆ ಹೊರದೇಶದಿಂದ ಒಂದು ಗಿಟಾರ್ ಬಂತು. ಹದಿನಾರರ ಹರೆಯದ ಮಗ ವರ್ಷವಿಡೀ ಹಟ ಹಿಡಿದು ತರಿಸಿಕೊಂಡದ್ದು. ಪೆಟ್ಟಿಗೆ ಬಿಚ್ಚಿ ನೋಡಿದರೆ, ಮುಂಗೈ ಒರಗುವ ಜಾಗದಲ್ಲಿ ಬಣ್ಣ ಕಿತ್ತು ಮರ ಇಣುಕುತ್ತಿದೆ; ಬೆನ್ನಿನ ಮೇಲೆ ಬೆಲ್ಟಿನ ಬಕಲ್ ಉಜ್ಜಿದಂತಹ ಗೀರುಗಳು; ತಿರುಪುಗಳಿಗೆ ತುಕ್ಕು. ಶಿವಮೊಗ್ಗದಿಂದ ಬಂದಿದ್ದ ಅಜ್ಜಿ ಅದನ್ನು ಕಂಡವರೇ, “ಹಳೆಯದನ್ನು ಸಾಗಹಾಕಿದ್ದಾರಲ್ಲ, ನಾಳೆಯೇ ಹಿಂದಕ್ಕೆ ಕಳಿಸಿ” ಎಂದರು. ನೆರೆದವರೆಲ್ಲ ನಕ್ಕರು. ಬೆಲೆ ಎಷ್ಟೆಂದು ತಿಳಿದಾಗ ನಗು ತುಸು ಕಡಿಮೆಯಾಯಿತು: ಗಾಯವಿಲ್ಲದ ಸಾಮಾನ್ಯ ಮಾದರಿ ಅದಕ್ಕಿಂತ ಎಷ್ಟೋ ಅಗ್ಗಕ್ಕೆ ದೊರೆಯುತ್ತಿತ್ತು. ಊಟದ ವೇಳೆಗೆ ಹಿರಿಯರಿಗೂ ಕಿರಿಯರಿಗೂ ವಾದ ಹತ್ತಿಕೊಂಡಿತು. ನಾನು ಅಜ್ಜಿಯ ಪಕ್ಷ. ಏಕೆಂಬುದನ್ನು ಅಂದು ಬಿಸಿಬೇಳೆಬಾತಿನ ನಡುವೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಅಮೆರಿಕದ ಫೆಂಡರ್ ಕಂಪನಿ ಸ್ಟ್ರಾಟೊಕ್ಯಾಸ್ಟರ್ ಎಂಬ ಗಿಟಾರನ್ನು ಹೊರತಂದದ್ದು 1954ರಲ್ಲಿ. ಆಗ ಅದಕ್ಕೆ ಬಳಿಯುತ್ತಿದ್ದುದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ತೆಳುವಾದ ಮೆರುಗು. ಅದು ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಕೈಯ ಬೆವರಿಗೆ ಸವೆಯುತ್ತದೆ. ಒಳಗಿನ ಮರ ಹಿಗ್ಗಿ ಕುಗ್ಗುವಾಗ ತಾನು ಹಿಗ್ಗಲಾರದೆ ಕೂದಲೆಳೆಯಂತೆ ಬಿರುಕುಬಿಡುತ್ತದೆ. 1960ರ ದಶಕದ ಕೊನೆಗೆ ದಪ್ಪ ಪಾಲಿಯೆಸ್ಟರ್ ಲೇಪ ಬಂದ ಮೇಲೆ ಈ ಮುಪ್ಪು ಅಷ್ಟು ಸುಲಭವಾಗಿ ಬರದಾಯಿತು. ಹಳೆಯ ಗಿಟಾರುಗಳ ಬೆಲೆ ಏರಿತು. ಏರಿದ ಬೆಲೆ ಹೊಸ ವ್ಯಾಪಾರವನ್ನು ಹುಟ್ಟಿಸಿತು. 1995ರಲ್ಲಿ ಫೆಂಡರಿನ ಕಸ್ಟಮ್ ಶಾಪ್ ವಿಭಾಗ, ವಿನ್ಸ್ ಕುನೆಟೊ ಎಂಬ ಕುಶಲಕರ್ಮಿಯ ಕೈಯಿಂದ ಕೃತಕವಾಗಿ ಮುಪ್ಪಾಗಿಸಿದ ಹೊಸ ಗಿಟಾರುಗಳನ್ನು ‘ರೆಲಿಕ್’ ಎಂಬ ಹೆಸರಿನಲ್ಲಿ ಪ್ರದರ್ಶಿಸಿತು. ರೆಲಿಕ್ ಎಂದರೆ ಸಂತರ ಅಸ್ಥಿಯಂತಹ ಪವಿತ್ರ ಅವಶೇಷ. ಹೆಸರಿನಲ್ಲೇ ಎಷ್ಟು ಧಾರ್ಷ್ಟ್ಯವಿದೆ ನೋಡಿ. 2009ರ ವೇಳೆಗೆ ಮೆಕ್ಸಿಕೋದ ಕಾರ್ಖಾನೆಯಿಂದ ‘ರೋಡ್ ವೋರ್ನ್’ ಎಂಬ ಅಗ್ಗದ ಸರಣಿ ಬಂತು. ಎಂದರೆ, ಯಾವ ರಸ್ತೆಯನ್ನೂ ಕಾಣದೆ ರಸ್ತೆಯಲ್ಲಿ ಸವೆದದ್ದು. 2021ರಲ್ಲಿ ಗಿಬ್ಸನ್ ಕಂಪನಿ ಇದಕ್ಕಾಗಿಯೇ ಮರ್ಫಿ ಲ್ಯಾಬ್ ಎಂಬ ವಿಭಾಗವನ್ನೇ ತೆರೆಯಿತು.

ಈ ಮುಪ್ಪನ್ನು ಮಾಡುವ ಬಗೆಯೇ ಒಂದು ಪಾಕಶಾಸ್ತ್ರ. ಲ್ಯಾಕರ್ ಬಳಿದ ಮರವನ್ನು ಥಟ್ಟನೆ ತಣಿಸಿ ಬಿರುಕು ಬರಿಸುತ್ತಾರೆ, ಇಲ್ಲವೇ ಬ್ಲೇಡಿನಿಂದ ಒಂದೊಂದೇ ಬಿರುಕನ್ನು ಕೊರೆಯುತ್ತಾರೆ. ಲೋಹದ ಭಾಗಗಳಿಗೆ ಆಮ್ಲದ ಆವಿ ತಾಗಿಸಿ ತುಕ್ಕು ತರುತ್ತಾರೆ. ಬೆವರು ಮಾಡಬೇಕಾದ ಕೆಲಸವನ್ನು ಮರಳುಕಾಗದ ಮಾಡುತ್ತದೆ; ಬೀಗದ ಕೈಗೊಂಚಲು, ಸರಪಳಿ, ಸ್ಕ್ರೂಡ್ರೈವರುಗಳು ಅಪಘಾತಗಳನ್ನು ಸೃಷ್ಟಿಸುತ್ತವೆ. ಇದು ಸುಲಭದ ಕೆಲಸವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಕೆಲಸಗಾರನ ಕೈಯಲ್ಲಿ ತಜ್ಞರನ್ನೂ ಒಂದು ಕ್ಷಣ ತಡೆದು ನಿಲ್ಲಿಸುವಂತೆ ಮೂಡಿಬರುತ್ತದೆ. ಖೋಟಾ ನೋಟು ಅಚ್ಚುಹಾಕುವುದಕ್ಕೂ ಕೌಶಲ ಬೇಕು.

ನನ್ನನ್ನು ಹೆಚ್ಚು ಕಾಡುವುದು ಈ ಮುಪ್ಪಿಗೆ ಅವರು ಇಟ್ಟಿರುವ ದರ್ಜೆಗಳು. ‘ಕ್ಲಾಸೆಟ್ ಕ್ಲಾಸಿಕ್’ ಎಂದೊಂದಿದೆ: ಯಾರೋ ಕೊಂಡು, ಕೆಲವು ದಿನ ನುಡಿಸಿ, ಬೀರುವಿನಲ್ಲಿಟ್ಟು ಮರೆತ ಗಿಟಾರಿನಂತೆ ಅದು ಕಾಣಬೇಕು. ‘ಜರ್ನಿಮನ್ ರೆಲಿಕ್’ ಎಂದರೆ ವರ್ಷಗಳ ಕಾಲ ಜತನದಿಂದ ದುಡಿಸಿಕೊಂಡದ್ದು. ‘ಹೆವಿ ರೆಲಿಕ್’ ಎಂದರೆ ದಶಕಗಳ ಕಾಲ ರಾತ್ರಿ ರಾತ್ರಿಯೂ ವೇದಿಕೆಯ ಮೇಲೆ ಜಜ್ಜಿಸಿಕೊಂಡದ್ದು. ಇವು ಬಣ್ಣದ ದರ್ಜೆಗಳಲ್ಲ, ಜೀವನಚರಿತ್ರೆಗಳು. ಬಾಳದ ಬಾಳುವೆಯನ್ನು ಪಟ್ಟಿಯಿಂದ ಆಯ್ದು, ಬೆಲೆ ತೆತ್ತು, ಪೆಟ್ಟಿಗೆಯಲ್ಲಿ ತರಿಸಿಕೊಳ್ಳಬಹುದು. ಬೀರುವಿನಲ್ಲಿಟ್ಟು ಮರೆತವನ ಸೋಮಾರಿತನಕ್ಕೂ ಒಂದು ದರವಿದೆ!

ನಿಜವಾದ ಸವೆತ ಹೇಗೆ ಬರುತ್ತದೆಂಬುದಕ್ಕೆ ಐರ್ಲೆಂಡಿನ ರೋರಿ ಗ್ಯಾಲಹರ್ ಎಂಬ ವಾದಕನ ಗಿಟಾರ್ ಸಾಕ್ಷಿ. 1961ರಲ್ಲಿ ತಯಾರಾದ ಆ ಸ್ಟ್ರಾಟೊಕ್ಯಾಸ್ಟರನ್ನು ಆತ 1963ರಲ್ಲಿ, ಹದಿನೈದರ ಹುಡುಗನಾಗಿದ್ದಾಗ, ಕಾರ್ಕ್ ಪಟ್ಟಣದ ಅಂಗಡಿಯೊಂದರಲ್ಲಿ ನೂರು ಪೌಂಡಿಗೆ ಸಾಲದ ಮೇಲೆ ಕೊಂಡ. ಬಡ ಹುಡುಗನಿಗೆ ಅದು ಭಾರಿ ಮೊತ್ತ. ಮುಂದೆ ಮೂರು ದಶಕ ಅದನ್ನು ಬಿಡದೆ ನುಡಿಸಿದ. ಒಮ್ಮೆ ಕಳ್ಳತನವಾಗಿ ಹಳ್ಳದಲ್ಲಿ ಸಿಕ್ಕಿದ್ದೂ ಉಂಟು. ಅವನ ಬೆವರಿಗೆ ಬಣ್ಣವೆಲ್ಲ ಕರಗಿ ಕೊನೆಗೆ ಬರಿಯ ಮರ ಉಳಿಯಿತು. ಅವನು ತೀರಿಕೊಂಡದ್ದು 1995ರಲ್ಲಿ, ರೆಲಿಕ್ ಮಾರುಕಟ್ಟೆಗೆ ಬಂದ ವರ್ಷವೇ. ಅನಂತರ ಫೆಂಡರ್ ಅದೇ ಗಿಟಾರಿನ ಪ್ರತಿಕೃತಿಯನ್ನು, ಬಣ್ಣ ಹೋದ ಜಾಗಗಳನ್ನು ಅನುಕರಿಸಿ, ಮಾರಾಟಕ್ಕಿಟ್ಟಿತು. ಮೂಲ ಗಿಟಾರ್ 2024ರಲ್ಲಿ ಹರಾಜಾಗಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸಂದಿತು. ಇನ್ನೊಂದು ಉದಾಹರಣೆ ಇದಕ್ಕಿಂತ ವಿಚಿತ್ರ. ಎಡ್ಡಿ ವ್ಯಾನ್ ಹ್ಯಾಲನ್ ಎಂಬಾತ ಅಗ್ಗದ ಬಿಡಿಭಾಗಗಳನ್ನು ಜೋಡಿಸಿ ತಾನೇ ಕಟ್ಟಿಕೊಂಡ ‘ಫ್ರ್ಯಾಂಕನ್‌ಸ್ಟೈನ್’ ಗಿಟಾರನ್ನು 2007ರಲ್ಲಿ ಮುನ್ನೂರು ಪ್ರತಿಗಳಾಗಿ ತಯಾರಿಸಿ, ಒಂದೊಂದನ್ನು 25,000 ಡಾಲರಿಗೆ ಮಾರಿದರು. ಸಿಗರೇಟು ಸುಟ್ಟ ಗುರುತನ್ನೂ, ಆತ ತಿರುಪು ಹಾಕಿ ಕೂರಿಸಿದ್ದ 1971ರ ಕಾಲು ಡಾಲರ್ ನಾಣ್ಯವನ್ನೂ ಬಿಡಲಿಲ್ಲ. ಹಣವಿಲ್ಲದವನ ಜುಗಾಡು ಹಣವಂತನ ಗಾಜಿನ ಕಪಾಟಿಗೆ ಬಂದ ಬಗೆ ಇದು.

ಈಗ ಯುವಕರ ವಾದ. ಮೊದಲನೆಯದು ಸುಖದ ಮಾತು: ಸವೆದ ಕುತ್ತಿಗೆಯ ಮೇಲೆ ಹೆಬ್ಬೆರಳು ಸರಾಗವಾಗಿ ಜಾರುತ್ತದೆ, ಹೊಸ ಮೆರುಗು ಅಂಟುತ್ತದೆ. ಇದು ನಿಜ, ಒಪ್ಪಿದೆ. ಆದರೆ ಅದಕ್ಕೆ ಕುತ್ತಿಗೆಯ ಹಿಂಬದಿಯನ್ನು ನಯವಾಗಿ ಉಜ್ಜಿ ಮಂದ ಮೆರುಗು ಕೊಟ್ಟರೆ ಸಾಕು. ಬೆನ್ನಿಗೆ ಸುಳ್ಳು ಬಕಲಿನ ಗೀರು ಏಕೆ? ಎರಡನೆಯದು ಭಯದ ಮಾತು: ಹೊಳೆಯುವ ವಾದ್ಯಕ್ಕೆ ಮೊದಲ ಗೀರು ಬಿದ್ದೀತೆಂಬ ಅಂಜಿಕೆಯಲ್ಲಿ ನುಡಿಸುವುದಕ್ಕಿಂತ ಮೊದಲೇ ಗೀರಿದ್ದರೆ ನಿರಾಳ. ಈ ವಾದವೇ ನನಗೆ ಹೆಚ್ಚು ದುಃಖ ತರುವುದು. ಮೊದಲ ಗೀರಿನ ನೋವು ಆ ವಸ್ತು ನಿಮ್ಮದಾದ ಗುರುತು. ಅದು ಎಲ್ಲಿ ಬಿತ್ತು, ಯಾರ ಕೈತಪ್ಪಿನಿಂದ ಬಿತ್ತು ಎಂಬುದನ್ನು ಇಪ್ಪತ್ತು ವರ್ಷಗಳ ಮೇಲೆ ನೀವು ನಗುತ್ತ ಹೇಳಬಲ್ಲಿರಿ. ಕಾರ್ಖಾನೆಯ ಗೀರಿನ ಬಗ್ಗೆ ಹೇಳುವುದಕ್ಕೇನಿದೆ? ಮೂರನೆಯದು ಪ್ರಾಮಾಣಿಕತೆಯ ಮಾತು: ತಯಾರಕರು ಯಾರನ್ನೂ ವಂಚಿಸುತ್ತಿಲ್ಲ, ಕೃತಕವೆಂದು ಹೇಳಿಯೇ ಮಾರುತ್ತಾರೆ. ಸರಿ, ಕೊಂಡವನಿಗೆ ಮೋಸವಿಲ್ಲ. ಆದರೆ ವೇದಿಕೆಯ ಕೆಳಗೆ ಕುಳಿತವನಿಗೆ? ಆ ಸವೆತ ಇರುವುದೇ ನೋಡುವವನ ಕಣ್ಣಿಗಾಗಿ. ನೋಡುವವನು ಅದು ಕೃತಕವೆಂದು ಪ್ರತಿ ಸಲವೂ ತಿಳಿಯುವಂತಿದ್ದರೆ ಯಾರೂ ಅದಕ್ಕೆ ಹಣ ಕೊಡುತ್ತಿರಲಿಲ್ಲ.

ನೈರೋಬಿಯಲ್ಲಿ ಕುಳಿತು ಈ ಶೋಕಿಯನ್ನು ನೋಡುವಾಗ ಅದು ಇನ್ನಷ್ಟು ಕಟುವಾಗಿ ಕಾಣುತ್ತದೆ. ಗಿಕೊಂಬಾ ಮಾರುಕಟ್ಟೆಯಲ್ಲಿ ಮಿತುಂಬಾ ಬಟ್ಟೆಯ ಮೂಟೆ ಬಿಚ್ಚುವಾಗ ಜನ ಮುಗಿಬೀಳುವುದು ‘ಕ್ಯಾಮೆರಾ’ ಎಂದು ಕರೆಯುವ, ಹೊಸದರಂತಿರುವ ಮೊದಲ ಆಯ್ಕೆಗೆ. ಯಾರೋ ತೊಟ್ಟು ಬಿಟ್ಟದ್ದರಲ್ಲಿ ಅತ್ಯಂತ ಕಡಿಮೆ ಸವೆದದ್ದನ್ನು ಅವರು ಹುಡುಕುತ್ತಾರೆ. ಅಲ್ಲಿಂದ ಅರ್ಧ ತಾಸಿನ ದಾರಿಯಲ್ಲಿರುವ ನಮ್ಮ ರುಂಡಾದ ಮನೆಗಳಲ್ಲಿ ನಾವು ಹೊಸದರಲ್ಲಿ ಅತ್ಯಂತ ಹೆಚ್ಚು ಸವೆದದ್ದನ್ನು ಹುಡುಕುತ್ತೇವೆ. ಈ ದೇಶಕ್ಕೆ ತನ್ನದೇ ಆದ ಗಿಟಾರ್ ಪರಂಪರೆಯಿದೆ ಎಂಬುದನ್ನೂ ನೆನೆಯಬೇಕು. ಲುಒ ಜನರ ಎಂಟು ತಂತಿಯ ನ್ಯಾತಿತಿಯ ಬೆರಳಾಟವನ್ನು ಗಿಟಾರಿಗೆ ಇಳಿಸಿದ ಬೆಂಗಾ ಸಂಗೀತವನ್ನು ಶಿರಾತಿ ಜಾಝ್ ಮೇಳದ ಡಿ. ಓ. ಮಿಸಿಯಾನಿಯಂಥವರು ಬೆಳೆಸಿದರು, ಕೆರಿಚೊ ಪಟ್ಟಣದಲ್ಲಿ ಅದನ್ನು ಧ್ವನಿಮುದ್ರಿಸಿದ ಚಂದಾರಾಣಾ ಸಂಸ್ಥೆ ನಮ್ಮಂತೆಯೇ ಭಾರತದಿಂದ ಬಂದವರದು. ಪೂರ್ವ ಆಫ್ರಿಕಾದ ನೃತ್ಯಮೇಳಗಳಲ್ಲಿ ವಾದ್ಯ ವಾದಕನದಾಗಿರದೆ ಮೇಳದ ಯಜಮಾನನದೋ ಕ್ಲಬ್ಬಿನದೋ ಆಗಿರುವುದು ಸಾಮಾನ್ಯವಾಗಿತ್ತು. ಗಿಟಾರನ್ನು ಸ್ವಂತಕ್ಕೆ ಕೊಳ್ಳಲಾಗದವನ ಕೈಯಲ್ಲಿ ಸವೆದ ಮರಕ್ಕೂ, ಎರಡು ಕೊಳ್ಳಬಲ್ಲವನಿಗಾಗಿ ಸವೆಸಿದ ಮರಕ್ಕೂ ನಡುವೆ ಇರುವ ಅಂತರ ಕೇವಲ ಅಲಂಕಾರದ್ದಲ್ಲ.

ಶುಕ್ರವಾರದ ಮಸಾಯಿ ಮಾರುಕಟ್ಟೆಗೆ ವಿಲೇಜ್ ಮಾರ್ಕೆಟಿಗೆ ಹೋದವರಿಗೆಲ್ಲ ಇನ್ನೊಂದು ಪಾಠ ಗೊತ್ತಿದೆ. ಕರಿಮರದ್ದೆಂದು ಮಾರುವ ಕೆತ್ತನೆಯನ್ನು ಒದ್ದೆ ಬಟ್ಟೆಯಿಂದ ಬಲವಾಗಿ ಉಜ್ಜಿ ನೋಡಬೇಕು; ಬಟ್ಟೆ ಕಪ್ಪಾದರೆ ಅದು ಬೂಟ್ ಪಾಲಿಶ್. ಈ ಉಪಾಯವನ್ನು ಹೊಸದಾಗಿ ಬಂದ ಕುಟುಂಬಗಳಿಗೆ ಹೇಳಿಕೊಡುವವರು ನಾವೇ, ಮೋಸ ಹೋಗಬೇಡಿ ಎಂದು. ಸಂಸಾರ ಸಾಕಲು ಪಾಲಿಶ್ ಬಳಿದ ಬಡ ವ್ಯಾಪಾರಿ ನಮ್ಮ ಬಾಯಲ್ಲಿ ಮೋಸಗಾರ. ಆಮ್ಲದಲ್ಲಿ ತಿರುಪು ಅದ್ದಿದ ಕಂಪನಿ ಮಾತ್ರ ಕಲಾವಿದ.

ಆ ನಿಜವಾದ ಕರಿಮರ, ಸ್ವಾಹಿಲಿಯ ಎಂಪಿಂಗೊ, ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ಸಸ್ಯಶಾಸ್ತ್ರದಲ್ಲಿ ಎರಡೂ ಡಾಲ್ಬರ್ಜಿಯಾ ಕುಲದವು. ಬ್ರೆಜಿಲಿನ ಬೀಟೆ ದುರ್ಲಭವಾದ ಮೇಲೆ ಜಗತ್ತಿನ ಗಿಟಾರುಗಳ ಬೆರಳುಪಟ್ಟಿಗೆ ಹೆಚ್ಚಾಗಿ ಒದಗಿದ್ದು ಭಾರತದ ಬೀಟೆ, ಅದೂ ಪಶ್ಚಿಮಘಟ್ಟದ್ದು. ಮೈಸೂರಿನ ಜಡಾವು ಕೆಲಸದವರ ಮರವೂ ಅದೇ. ಒಳಗಿನ ಕಪ್ಪು ತಿರುಳು ಬಲಿಯಲು ಆ ಮರಕ್ಕೆ ಹಲವು ದಶಕಗಳು ಬೇಕು. 2017ರ ಜನವರಿಯಿಂದ ಈ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರಲ್ಲಿ. ಎಂದರೆ, ನಮ್ಮ ಹುಡುಗನ ಹೊಸ ಗಿಟಾರಿನಲ್ಲಿ ಬೀಟೆಯ ಪಟ್ಟಿಯಿದ್ದರೆ, ನಿಜವಾಗಿಯೂ ಮುಪ್ಪಾದ ಒಂದು ವಸ್ತು ಅವನ ಬೆರಳ ಕೆಳಗೇ ಇದೆ. ಪ್ರಾಯಶಃ ಅವನ ಅಜ್ಜಿಯಷ್ಟೇ ವಯಸ್ಸಿನದು, ಅವಳ ಸೀಮೆಯದೇ. ಅದರ ಬಗ್ಗೆ ಅವನಿಗೆ ಯಾರೂ ಹೇಳಿಲ್ಲ. ಅವನು ಬೆಲೆ ಕೊಟ್ಟದ್ದು ಮೇಲಿನ ಸುಳ್ಳು ವಯಸ್ಸಿಗೆ.

ನಮ್ಮ ಹಿರಿಯರ ರುಚಿ ಇದಕ್ಕೆ ವಿರುದ್ಧವಾಗಿತ್ತು. ನೂರು ವರ್ಷದ ಹಿತ್ತಾಳೆಯ ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ನಿನ್ನೆ ಎರಕ ಹೊಯ್ದಂತೆ ಹೊಳೆಯಿಸುತ್ತಿದ್ದರು. ಕಿಲುಬು ಅವರಿಗೆ ಪರಂಪರೆಯಾಗಿರಲಿಲ್ಲ, ಸೋಮಾರಿತನವಾಗಿತ್ತು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕೂರಿಸಿದ ಮೇಣ ಸಡಿಲಿ ಶ್ರುತಿ ಕೆಟ್ಟರೆ, ಬಲ್ಲವರನ್ನು ಕರೆಸಿ ಹೊಸದಾಗಿ ಮೇಳ ಕಟ್ಟಿಸುತ್ತಾರೆ. ಸವೆತವನ್ನು ಮುದ್ದಿಸುವುದಿಲ್ಲ, ಸರಿಪಡಿಸುತ್ತಾರೆ. ಆದರೂ ಆ ವೀಣೆ ಅಜ್ಜನದೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಈಗ ನಾವೇ ಬೆಂಗಳೂರಿಗೆ ಹೋದಾಗ ‘ಆಂಟಿಕ್ ಫಿನಿಶ್’ ಎಂದು ಕಪ್ಪಾಗಿಸಿದ ಹೊಸ ದೀಪವನ್ನೂ ಮಂಕುಮಾಡಿದ ಹೊಸ ಕಾಸಿನ ಸರವನ್ನೂ ಕೊಂಡು ತರುತ್ತೇವೆ. ಆದ್ದರಿಂದ ಹುಡುಗನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಊರಿನ ಹಳೆಯ ಮನೆಯನ್ನು ಮಾರಿ, ಅದರಂತೆ ಕಾಣುವ ಬಾಗಿಲನ್ನು ಹೊಸದಾಗಿ ಮಾಡಿಸಿಕೊಂಡ ತಂದೆತಾಯಿಗಳಿಂದ ಅವನು ಕಲಿಯುವುದೇನು?

ಗಿಟಾರ್ ಕೊಡಿಸಲಿರುವ ಪೋಷಕರಲ್ಲಿ ನನ್ನ ಕೋರಿಕೆ ಸರಳವಾದದ್ದು. ಸಾಮಾನ್ಯವಾದ, ಗಾಯವಿಲ್ಲದ, ಒಳ್ಳೆಯ ಕುತ್ತಿಗೆಯ ವಾದ್ಯ ಕೊಡಿಸಿ. ತೆಳು ಲ್ಯಾಕರಿನದು ದೊರೆತರೆ ಲೇಸು. ಪಾಲಿಯೆಸ್ಟರಿನದಾದರೂ ಚಿಂತೆಯಿಲ್ಲ, ನಾದಕ್ಕೆ ಅದರಿಂದ ಮಹಾ ಹಾನಿಯೇನಿಲ್ಲ. ಉಳಿದ ಹಣದಲ್ಲಿ ಒಂದು ವರ್ಷದ ಪಾಠಕ್ಕೆ ಗುರುವನ್ನು ಹುಡುಕಿ. ಬೆಂಗಾ ಬಲ್ಲ ಕೀನ್ಯಾದವರೇ ಸಿಕ್ಕರೆ ಇನ್ನೂ ಒಳ್ಳೆಯದು. ಒಣಹವೆಯ ತಿಂಗಳುಗಳಲ್ಲಿ ಬೀಟೆಯ ಪಟ್ಟಿಗೆ ಒಂದಿಷ್ಟು ಎಣ್ಣೆ ಸವರಿಸಿ, ಅಂಚಿನಲ್ಲಿ ತಂತಿಮೆಟ್ಟಿಲುಗಳು ಚುಚ್ಚಲು ಶುರುವಾಗಿದ್ದರೆ ಅರ ಹಾಕಿಸಿ.

ಇದನ್ನು ಒಪ್ಪದ ಯುವಮಿತ್ರರು ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ. ಕನ್ನಡದಲ್ಲೇ ಬರೆಯಲಿ, ಕಾಗುಣಿತ ತಪ್ಪಿದರೂ ಅಡ್ಡಿಯಿಲ್ಲ. ಆ ತಪ್ಪುಗಳಾದರೂ ಅವರದೇ ಆಗಿರುತ್ತವೆ.